ಬಂದೂಕು ಹಿಡಿಯೋ ಕೈಗೆ ರಕ್ತ ನಿಲ್ಲಿಸೋದೂ ಬರಬೇಕು

ಈ ವಾರ ಟೊಮೇಟೊ ರೇಟು, ಮಾವಿನ ಜಿಗಿಹುಳು ಎರಡನ್ನೂ ಪಕ್ಕಕ್ಕಿಡೋಣ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹೊಲ ಕಾಯೋಕೆ ಅಂತಲೋ, ಭಾನುವಾರ ಸುಮ್ಮನೆ ಗುರಿ ನೋಡೋಕೆ ಅಂತಲೋ ಏನಾದರೊಂದು ಗನ್ ಹಿಡಿಯೋ ಹುಡುಗರಿಗೆ ಈ ಬರಹ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ: ಪ್ರಥಮ ಚಿಕಿತ್ಸೆ ಗೊತ್ತಿಲ್ಲದವರು ಟ್ರಿಗರ್ ಮುಟ್ಟಬಾರದು.

ಗನ್ ಅಂದರೆ ನಮ್ಮಲ್ಲಿ ಮೂರು ಥರ ಇದೆ. ಒಂದು, ತಾತನ ಕಾಲದಿಂದ ಬಂದ ಬೆಳೆ ರಕ್ಷಣೆ ಲೈಸೆನ್ಸಿನ ಬಂದೂಕು. ಚುನಾವಣೆ ಬಂದಾಗ ಠಾಣೆಗೆ ಹೊತ್ತುಕೊಂಡು ಹೋಗೋದು ಬಿಟ್ಟರೆ ಎಷ್ಟೋ ಮನೆಗಳಲ್ಲಿ ಅದು ಹೊರಗೆ ಬರೋದೇ ಅಪರೂಪ. ಎರಡನೆಯದು ಏರ್ ಗನ್. ಕಡಿಮೆ ಶಕ್ತಿಯದಕ್ಕೆ ಲೈಸೆನ್ಸ್ ಬೇಡ ಅಂತ ಅದನ್ನ ಆಟದ ಸಾಮಾನು ಅಂದುಕೊಂಡವರೇ ಜಾಸ್ತಿ. ಮೂರನೆಯದು ಈಗಿನ ಹೊಸ ಕಾಯಿಲೆ, ಪಿವಿಸಿ ಪೈಪಿನ ಕಾರ್ಬೈಡ್ ಗನ್. ಯೂಟ್ಯೂಬ್ ನೋಡಿ, ಅಂಗಡಿಯಲ್ಲಿ ಪೈಪು, ಗ್ಯಾಸ್ ಲೈಟರ್ ತಂದು ಅರ್ಧ ಗಂಟೆಯಲ್ಲಿ ಮಾಡಿಬಿಡ್ತಾರೆ. ಕೋತಿ, ಗಿಳಿ, ಹಂದಿ ಓಡಿಸೋಕೆ ಸಸ್ತಾ ಅಂತ.

ನನಗೆ ಮೂರರಲ್ಲೂ ಹೆಚ್ಚು ಭಯ ಹುಟ್ಟಿಸೋದು ಈ ಪೈಪೇ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಭೋಪಾಲ್ ಮತ್ತು ಸುತ್ತಮುತ್ತ ಇದೇ ಗನ್ ಹೊಡೆದು ನೂರಕ್ಕೂ ಹೆಚ್ಚು ಜನ ಕಣ್ಣಿಗೆ ಗಾಯ ಮಾಡಿಕೊಂಡು ಆಸ್ಪತ್ರೆ ಸೇರಿದರು. ಬಹುಪಾಲು ಮಕ್ಕಳು. ಹಲವರ ದೃಷ್ಟಿಯೇ ಹೋಯಿತು. ನಮ್ಮ ಕಡೆ ಕಾರ್ಬೈಡ್ ಅಂದರೆ ಪರಿಚಯ ಮಾಡಿಕೊಡಬೇಕಿಲ್ಲ. ಅದರಿಂದ ಮಾವು ಹಣ್ಣು ಮಾಡೋದು ನಿಷೇಧ ಆಗಿದ್ದರೂ ಹೆಸರು ಎಲ್ಲರ ಬಾಯಲ್ಲಿದೆ. ನೀರು ತಾಗಿದರೆ ಅಸಿಟಿಲೀನ್ ಗ್ಯಾಸ್ ಬರುತ್ತೆ, ಕಿಡಿ ಕೊಟ್ಟರೆ ಢಂ ಅನ್ನುತ್ತೆ. ಪೈಪಿನಲ್ಲಿ ಉಳಿಯೋದು ಸುಣ್ಣದ ರಾಡಿ. ಲೈಟರ್ ಒತ್ತಿದರೂ ಹಾರಲಿಲ್ಲ ಅಂತ ನಳಿಗೆಯೊಳಗೆ ಇಣುಕಿ ನೋಡ್ತಾರೆ ನೋಡಿ, ಆ ಕ್ಷಣದಲ್ಲೇ ಹೊತ್ತಿಕೊಂಡರೆ ಬೆಂಕಿ, ಸುಣ್ಣ ಎರಡೂ ಕಣ್ಣಿಗೆ.

ಹಾಗಾದಾಗ ಏನು ಮಾಡಬೇಕು? ಕಾರ್ಬೈಡ್, ಸುಣ್ಣ ಕಣ್ಣಿಗೆ ಬಿದ್ದರೆ ಮೊದಲು ನೀರು, ಆಮೇಲೆ ಗಾಡಿ. ಕಣ್ಣಿನ ಸುತ್ತ ಒಣ ಚೂರು ಇದ್ದರೆ ಬಟ್ಟೆಯಿಂದ ಕೊಡವಿ, ರೆಪ್ಪೆ ಬಿಡಿಸಿ ಹಿಡಿದು, ಕುಡಿಯೋ ನೀರಿನ ಕ್ಯಾನಿನಿಂದ ಸಣ್ಣಗೆ ಧಾರೆ ಬಿಡಿ. ಕಡೇಪಕ್ಷ 20 ನಿಮಿಷ ಬಿಡದೆ ತೊಳೆಯಬೇಕು. ಸುಣ್ಣ ಕ್ಷಾರ, ನೀವು ಆಸ್ಪತ್ರೆ ದಾರಿಯಲ್ಲಿ ಇರೋವಾಗಲೂ ಅದು ಕಣ್ಣನ್ನ ತಿನ್ತಾನೇ ಇರುತ್ತೆ. ಸ್ಪ್ರೇಯರ್ ಪೈಪಿನಿಂದ ಜೋರಾಗಿ ಹೊಡೀಬೇಡಿ. ಹರಳೆಣ್ಣೆ, ತುಪ್ಪ, ಎದೆಹಾಲು ಯಾವುದೂ ಬೇಡ, ಎಷ್ಟು ದೊಡ್ಡವರು ಹೇಳಿದರೂ ಬೇಡ. ಆದರೆ ಏರ್ ಗನ್ ಗುಂಡೋ, ಒಡೆದ ಪೈಪಿನ ಚೂರೋ ಕಣ್ಣಿಗೆ ಚುಚ್ಚಿದ್ದರೆ ಲೆಕ್ಕ ಪೂರ್ತಿ ಉಲ್ಟಾ. ಆಗ ತೊಳೀಬಾರದು, ಒತ್ತಬಾರದು, ಕೀಳಬಾರದು. ಕಣ್ಣಿಗೆ ತಾಗದ ಹಾಗೆ ಟೀ ಕುಡಿಯೋ ಪೇಪರ್ ಲೋಟ ಕವುಚಿ, ಅದರ ಅಂಚಿಗೆ ಟೇಪು ಹಾಕಿ ಕರಕೊಂಡು ಹೋಗಿ. ಈ ವ್ಯತ್ಯಾಸ ಗೊತ್ತಿರೋದಕ್ಕೂ ಇಲ್ಲದಿರೋದಕ್ಕೂ ನಡುವೆ ಒಂದು ಕಣ್ಣಿದೆ.

ಈಗ ನಿಜವಾದ ಬಂದೂಕು. ದೊಡ್ಡ ರಕ್ತನಾಳ ಹರಿದರೆ ಮನುಷ್ಯ ಐದೇ ನಿಮಿಷದಲ್ಲಿ ಹೋಗಬಹುದು. ಶ್ರೀನಿವಾಸಪುರದಿಂದ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೋ ಟಮಕದ ಜಾಲಪ್ಪ ಆಸ್ಪತ್ರೆಗೋ ಬರೋಕೆ ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು. ಮುಳಬಾಗಿಲು ಗಡಿಯ ಹಳ್ಳಿಯಿಂದ ರಾತ್ರಿ ಹೊತ್ತು ಅಂದರೆ ಕೇಳಲೇಬೇಡಿ. 108 ಒಳ್ಳೆ ಸೇವೆ, 2008ರಿಂದ ಎಷ್ಟೋ ಜೀವ ಉಳಿಸಿದೆ. ಆದರೆ ಐದು ನಿಮಿಷದಲ್ಲಿ ನಿಮ್ಮ ರಾಗಿ ಹೊಲದ ಬದುವಿಗೆ ಯಾವ ಆಂಬುಲೆನ್ಸೂ ಬರಲ್ಲ. ಆ ಐದು ನಿಮಿಷ ಅಲ್ಲಿರೋ ಗೆಳೆಯನದ್ದು.

ಮೊದಲು ಬಂದೂಕು ಖಾಲಿ ಮಾಡಿ ದೂರ ಇಡಿ, ಇಲ್ಲದಿದ್ದರೆ ಗಾಬರಿಯಲ್ಲಿ ಎರಡನೇ ಗುಂಡು ಹಾರುತ್ತೆ. ಒಬ್ಬ ಫೋನ್ ಮಾಡಲಿ, ಇನ್ನೊಬ್ಬ ಟವಲ್ ಮಡಚಿ ಗಾಯದ ಮೇಲೆ ಮೈಭಾರ ಬಿಟ್ಟು ಒತ್ತಲಿ. ಎರಡು ನಿಮಿಷಕ್ಕೊಮ್ಮೆ ತೆಗೆದು ‘ನಿಂತ್ಯಾ’ ಅಂತ ನೋಡೋ ಚಟ ಬೇಡ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಿ. ಅರಿಶಿನ, ಕಾಫಿಪುಡಿ, ಹೊಗೆಸೊಪ್ಪು ತುಂಬಬೇಡಿ. ಒಳಗಿನ ಗುಂಡು ಹುಡುಕೋದು ಡಾಕ್ಟರ ಕೆಲಸ. ಹೊಟ್ಟೆಯಿಂದ ಕರುಳು ಹೊರಗೆ ಬಂದಿದ್ದರೆ ಒಳಗೆ ತಳ್ಳಬೇಡಿ, ಒದ್ದೆ ಮಾಡಿದ ಶುದ್ಧ ಬಟ್ಟೆ ಹೊದಿಸಿ. ಕುಡಿಯೋಕೆ ನೀರೂ ಕೊಡಬೇಡಿ, ಆಪರೇಷನ್ ಇರುತ್ತೆ.

ಕೈಗೋ ಕಾಲಿಗೋ ಆದ ಗಾಯ ಒತ್ತಿದರೂ ನಿಲ್ಲದೆ ಚಿಮ್ಮುತ್ತಿದ್ದರೆ ಮಾತ್ರ ಬಿಗಿ ಕಟ್ಟು. ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲು ಬಿಟ್ಟು, ಅಗಲದ ಬಟ್ಟೆ ಸುತ್ತಿ, ಗಂಟಿನಲ್ಲಿ ಗಟ್ಟಿ ಕಡ್ಡಿ ಸಿಕ್ಕಿಸಿ, ರಕ್ತ ನಿಲ್ಲೋವರೆಗೆ ತಿರುಗಿಸಿ. ತುಂಬಾ ನೋಯುತ್ತೆ, ಕಿರುಚ್ತಾನೆ, ಆದರೂ ಸಡಿಲಿಸಬೇಡಿ. ಕಟ್ಟಿದ ಟೈಮನ್ನ ಅವನ ಕೈಮೇಲೇ ಪೆನ್ನಲ್ಲಿ ಬರೀರಿ. ಜಿಐ ವೈರು, ನೈಲಾನ್ ಹಗ್ಗ ಮಾಂಸ ಕತ್ತರಿಸುತ್ತೆ, ಬೇಡ.

ಇಲ್ಲೇ ಒಂದು ಮಾತು. ಇದನ್ನ ಓದಿದ ಕೆಲವರು ನಾಳೆ ಹಾವು ಕಚ್ಚಿದಾಗಲೂ ಹೀಗೇ ಕಟ್ತಾರೆ ಅನ್ನೋ ಭಯ ನನಗಿದೆ. ಹಾವಿಗೆ ಕಟ್ಟಲೇಬಾರದು. ಅಲ್ಲಿ ಅಲ್ಲಾಡಿಸದೆ ಆಸ್ಪತ್ರೆಗೆ ಒಯ್ಯೋದೇ ಚಿಕಿತ್ಸೆ. ಬಿಗಿ ಕಟ್ಟು ಚಿಮ್ಮೋ ರಕ್ತಕ್ಕೆ ಮಾತ್ರ.

ಏರ್ ಗನ್ ಗಾಯ ನೋಡೋಕೆ ಸೊಳ್ಳೆ ಕಚ್ಚಿದಂಗಿರುತ್ತೆ. ಎದೆ, ಕುತ್ತಿಗೆ, ಹೊಟ್ಟೆಗೆ ತಾಗಿದ್ದರೆ ತೂತಿನ ಸೈಜು ನೋಡಿ ನಗಬೇಡಿ, ಸೀಸದ ಗುಂಡು ಎಲ್ಲಿಗೆ ಹೋಗಿದೆ ಅಂತ ಎಕ್ಸ್‌ರೇಗೆ ಮಾತ್ರ ಗೊತ್ತಾಗೋದು.

ಇನ್ನು ಜೀವ ತೆಗೆಯೋ ಅಸಲಿ ಸಂಗತಿ, ಪೊಲೀಸ್ ಭಯ. ಲೈಸೆನ್ಸ್ ಇಲ್ಲದ ನಾಡಬಂದೂಕು, ಅನುಮತಿ ಇಲ್ಲದೆ ಹಂದಿಗೆ ಹೋಗಿದ್ದು, ಹೀಗಿದ್ದಾಗ ಜತೆಗಾರರು ಗಾಯಾಳುವನ್ನ ಆಸ್ಪತ್ರೆಗೆ ಒಯ್ಯೋಕೆ ಹೆದರ್ತಾರೆ, ‘ಬೇಲಿ ತಂತಿ ಚುಚ್ಚಿತು’ ಅಂತ ಸುಳ್ಳು ಹೇಳ್ತಾರೆ. 1972ರ ವನ್ಯಜೀವಿ ಕಾಯ್ದೆ, 1959ರ ಶಸ್ತ್ರಾಸ್ತ್ರ ಕಾಯ್ದೆ ತಪ್ಪಿಗೆ ಶಿಕ್ಷೆ ಕೊಡುತ್ತೆ, ಅದನ್ನ ನಾನು ಸಮರ್ಥಿಸ್ತಿಲ್ಲ. ಆದರೆ ಕೇಸು ಆಮೇಲೆ ನೋಡಿಕೊಳ್ಳಬಹುದು, ಹೆಣದ ಮುಂದೆ ಏನು ನೋಡಿಕೊಳ್ತೀರಿ? ಪೊಲೀಸ್ ಪ್ರಕ್ರಿಯೆಗೆ ಕಾಯದೆ ಮೊದಲು ಚಿಕಿತ್ಸೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಆಸ್ಪತ್ರೆಯವರು ಠಾಣೆಗೆ ತಿಳಿಸ್ತಾರೆ, ಅದು ಅವರ ಕರ್ತವ್ಯ. ನಿಮ್ಮ ಕರ್ತವ್ಯ ಡಾಕ್ಟರಿಗೆ ನಿಜ ಹೇಳೋದು: ಯಾವ ಗನ್, ಎಷ್ಟು ದೂರದಿಂದ, ಎಷ್ಟು ಹೊತ್ತಿಗೆ.

‘ನೂರು ವರ್ಷದಿಂದ ಬಂದೂಕು ಇಟ್ಟಿದ್ದೀವಿ, ಯಾರಿಗೂ ಏನೂ ಆಗಿಲ್ಲ’ ಅನ್ನೋ ಹಿರಿಯರು ಇದ್ದಾರೆ. ಕೊಡಗಿನಲ್ಲಿ ಬಂದೂಕು ಸಂಸ್ಕೃತಿಯ ಭಾಗ, ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ ಊರೂರಲ್ಲಿ ನಡೆಯುತ್ತೆ. ಅಲ್ಲಿ ಹೊಡೆಯೋ ಜಾಗ ಬೇರೆ, ನಿಲ್ಲೋ ಜಾಗ ಬೇರೆ, ಹಗಲು ಹೊತ್ತು. ನಮ್ಮದು ರಾತ್ರಿ, ಹೆಡ್‌ಲೈಟು, ನಿದ್ದೆಗಣ್ಣು, ಪಕ್ಕದ ಹೊಲದಲ್ಲಿ ಇನ್ನೊಬ್ಬ ಕಾವಲಿಗೆ ಕೂತಿರ್ತಾನೆ. ಹೋಲಿಕೆಯೇ ಇಲ್ಲ.

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಲೈಸೆನ್ಸ್ ಬೇಕಾದವರಿಗೆ ಸುರಕ್ಷತಾ ತರಬೇತಿ ಇದೆ. ಲೈಸೆನ್ಸ್ ಅವಧಿ ಈಗ 5 ವರ್ಷ. ನವೀಕರಣಕ್ಕೆ ಬಂದಾಗಲೆಲ್ಲ ಅರ್ಧ ದಿನ ರಕ್ತ ನಿಲ್ಲಿಸೋ ಪಾಠ ಕಡ್ಡಾಯ ಮಾಡಲಿ ಅಂತ ನಾನು ಕೇಳ್ತೀನಿ. ಟಮಕದ ಕೃಷಿ ವಿಜ್ಞಾನ ಕೇಂದ್ರ ಕೀಟನಾಶಕದ ಜತೆಗೇ ಇದನ್ನೂ ಹೇಳಿಕೊಡಬಹುದು. ಸರ್ಕಾರ ಮಾಡೋವರೆಗೆ ಕಾಯಬೇಕಿಲ್ಲ, ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆ ತರಬೇತಿ ಕೊಡ್ತವೆ. ಹತ್ತು ಹುಡುಗರು ಸೇರಿ ಹಾಲಿನ ಡೇರಿ ಹತ್ತಿರ ಒಂದು ಭಾನುವಾರ ಕರೆಸಿ.

ಅಲ್ಲೀವರೆಗೆ ಅಟ್ಟಣೆ ಮೇಲೆ ಒಂದು ಚೀಲ ನೇತು ಹಾಕಿ: ಎರಡು ಶುದ್ಧ ಟವಲ್ಲು, ಅಗಲದ ಬ್ಯಾಂಡೇಜು ನಾಲ್ಕು ಸುತ್ತು, ಗ್ಲೌಸು, ಪೇಪರ್ ಲೋಟ, ಟೇಪು, ಮಾರ್ಕರ್ ಪೆನ್ನು, ಎರಡು ಲೀಟರ್ ನೀರು. ಫೋನಿನಲ್ಲಿ ಹೊಲದ ಲೊಕೇಶನ್ ಸೇವ್ ಮಾಡಿ ಮನೆಯವರಿಗೆ ಇವತ್ತೇ ಕಳಿಸಿಡಿ. 108ಕ್ಕೆ ದಾರಿ ಹೇಳೋವಾಗ ಬೇವಿನ ಮರದ ಎಡಕ್ಕೆ ಅಂದರೆ ಡ್ರೈವರಿಗೆ ಯಾವ ಬೇವಿನ ಮರ ಅಂತ ಗೊತ್ತಾಗಲ್ಲ.