ಮೂಗಿಗೆ ದತ್ತವಾದ ಅಧಿಕಾರ

ಮಾಂಗಲ್ಯಧಾರಣೆಯ ಮುಹೂರ್ತವು ಛಾಯಾಗ್ರಾಹಕನಿಗಾಗಿ ಕಾಯುವುದಿಲ್ಲ. ಗಟ್ಟಿಮೇಳವೆದ್ದು, ಅಕ್ಷತೆ ಹಾರಿ, ವರನು ವಧುವಿನ ಕೊರಳ ಹಿಂದೆ ಮೂರು ಗಂಟು ಹಾಕಿ ಮುಗಿಸುವಷ್ಟರಲ್ಲಿ ಆತನ ಕಾರ್ಯವೂ ಮುಗಿದಿರಬೇಕು. ಅಂಥ ಕ್ಷಣದ ಚಿತ್ರವನ್ನು ಅನಂತರ ದೊಡ್ಡದು ಮಾಡಿ ನೋಡುವಾಗ, ವಧೂವರರ ಮುಖಗಳು ಮಸುಕಾಗಿದ್ದು, ಅವರ ಹಿಂದೆ ಎಡಗಡೆಗೆ ಕಟ್ಟಿದ ಬಾಳೆಕಂಬದ ನಾರುಗಳು ಮಾತ್ರ ಒಂದೊಂದಾಗಿ ಎಣಿಸಬಹುದಾದಷ್ಟು ಸ್ಫುಟವಾಗಿ ಮೂಡಿದ್ದರೆ, ಆತನು ಮೊದಲು ಮಸೂರವನ್ನು ದೂರುತ್ತಾನೆ, ಆಮೇಲೆ ಬೆಳಕನ್ನು, ಕೊನೆಗೆ ತನ್ನ ಕೈಯನ್ನೇ ದೂರಿಕೊಳ್ಳುತ್ತಾನೆ. ನಿಜವಾದ ಅಪರಾಧಿಯು ತನ್ನ ಮುಖದ ನಟ್ಟನಡುವೆಯೇ ಇರುವುದೆಂದು ತಿಳಿಯಲು ಬಹುಕಾಲ ಹಿಡಿಯುತ್ತದೆ. ಕಣ್ಣು ವ್ಯೂಫೈಂಡರಿನಲ್ಲಿ ನೆಟ್ಟಿದ್ದಾಗ ಮೂಗು ಹಿಂಬದಿಯ ಟಚ್‌ಸ್ಕ್ರೀನನ್ನು ಮುಟ್ಟಿ, ಫೋಕಸ್ ಬಿಂದುವನ್ನು ಯಾರೂ ಕೇಳದ ಎಡೆಗೆ ಒಯ್ದಿರುತ್ತದೆ.

ಮಸೂರ ಬದಲಾಯಿಸಬಹುದಾದ ಕ್ಯಾಮೆರಾಗಳಿಗೆ ಸ್ಪರ್ಶಪರದೆ ಬಂದದ್ದು 2010ರಲ್ಲಿ, ಪ್ಯಾನಸೋನಿಕ್ ಲೂಮಿಕ್ಸ್ ಜಿ2 ಮಾದರಿಯೊಡನೆ. ಡಿಎಸ್‌ಎಲ್‌ಆರ್ ವರ್ಗಕ್ಕೆ 2012ರಲ್ಲಿ, ಕ್ಯಾನನ್ ಇಒಎಸ್ 650ಡಿಯ ಮೂಲಕ. ಆರಂಭದಲ್ಲಿ ಅದು ಪರದೆಯನ್ನು ನೋಡುತ್ತಲೇ ಮುಟ್ಟುವ ಸೌಕರ್ಯವಾಗಿತ್ತು. ಆಮೇಲೆ, ವ್ಯೂಫೈಂಡರಿಗೆ ಕಣ್ಣಿಟ್ಟೊಡನೆ ಆರಿಹೋಗುವ ಆ ಪರದೆಯನ್ನು ಸುಮ್ಮನೆ ಬಿಡುವುದೇಕೆಂದು ಯೋಚಿಸಿದ ತಯಾರಕರು, ಕತ್ತಲಾದ ಮೇಲೂ ಅದು ಸ್ಪರ್ಶವನ್ನು ಗ್ರಹಿಸುವಂತೆ ಮಾಡಿ, ಹೆಬ್ಬೆರಳನ್ನು ಅದರ ಮೇಲೆ ಜಾರಿಸಿ ಫೋಕಸ್ ಬಿಂದುವನ್ನು ಸರಿಸುವ ಉಪಾಯವನ್ನು ಕಲ್ಪಿಸಿದರು. ಉಪಾಯವು ಚತುರವಾದದ್ದೇ. ಆದರೆ ಈ ಪರದೆಗಳು ಒತ್ತಡವನ್ನಲ್ಲ, ವಿದ್ಯುದ್ವಾಹಕವಾದ ಶರೀರವು ಸಮೀಪಿಸಿದಾಗ ತಮ್ಮ ವಿದ್ಯುತ್ ಧಾರಣೆಯಲ್ಲಿ ಆಗುವ ಬದಲಾವಣೆಯನ್ನು ಅಳೆಯತಕ್ಕವು. ಹೆಬ್ಬೆರಳಿನ ಚರ್ಮಕ್ಕೂ ಮೂಗಿನ ಚರ್ಮಕ್ಕೂ ಅವುಗಳ ದೃಷ್ಟಿಯಲ್ಲಿ ಭೇದವಿಲ್ಲ. ಮಲೆನಾಡಿನ ಮಳೆಯಲ್ಲಿ ನಿಂತವರಿಗೆ, ನೀರಹನಿಯೂ ಇವುಗಳನ್ನು ಗೊಂದಲಕ್ಕೆ ಕೆಡಹಬಲ್ಲುದೆಂಬುದು ಗೊತ್ತಿರುವ ವಿಷಯ.

ಬಲಗಣ್ಣಿನಿಂದ ನೋಡುವವನ ಮೂಗು ಪರದೆಯ ಎಡಭಾಗಕ್ಕೆ ತಾಗುತ್ತದೆ, ಎಡಗಣ್ಣಿನವನದು ಬಲಭಾಗಕ್ಕೆ. ವ್ಯೂಫೈಂಡರು ಎಡತುದಿಯಲ್ಲಿರುವ ಕ್ಯಾಮೆರಾಗಳಲ್ಲಿ, ಫ್ಯೂಜಿಫಿಲ್ಮ್ ಎಕ್ಸ್-ಇ ಸಾಲಿನಂಥವುಗಳಲ್ಲಿ, ಬಲಗಣ್ಣಿನವನ ಮೂಗು ಕ್ಯಾಮೆರಾದ ಹೊರಗೇ ಉಳಿಯುವುದರಿಂದ ಈ ಪೀಡೆ ಬಹುಮಟ್ಟಿಗೆ ತಪ್ಪುತ್ತದೆ. ವ್ಯೂಫೈಂಡರು ನಡುನೆತ್ತಿಯ ಮೇಲಿರುವ ಮಾದರಿಗಳಲ್ಲಿ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಒಂದಿಷ್ಟು ಸರಿದರೆ ಏನು ಮಹಾ ಹಾನಿಯೆಂದು ಕೇಳುವವರುಂಟು. ಮುಖಚಿತ್ರಗಳಿಗೆ ಪ್ರಿಯವಾದ 85 ಮಿ.ಮೀ. ಮಸೂರವನ್ನು ಎಫ್ 1.8ಕ್ಕೆ ತೆರೆದು, ಪೂರ್ಣಚೌಕಟ್ಟಿನ ಕ್ಯಾಮೆರಾದಲ್ಲಿ 2 ಮೀಟರ್ ದೂರದ ಮುಖವನ್ನು ಹಿಡಿದರೆ, ಸ್ಫುಟವಾಗಿ ಕಾಣುವ ಆಳವು ಸುಮಾರು 6 ಸೆಂಟಿಮೀಟರ್ ಮಾತ್ರ. ಮೂಗಿನ ತುದಿಯಿಂದ ಕಿವಿಯವರೆಗೂ ಅದು ಎಟುಕದು. ಇಷ್ಟು ಸಂಕುಚಿತವಾದ ಪ್ರದೇಶದಲ್ಲಿ ಬಿಂದುವು ಕಣ್ಣನ್ನು ಬಿಟ್ಟು ಹೆಗಲಿಗೆ ಇಳಿದರೂ ಚಿತ್ರ ಕೆಟ್ಟಂತೆಯೇ. ಇದಕ್ಕಿಂತ ದುಃಖಕರವಾದದ್ದೆಂದರೆ, ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲ ಚಿತ್ರಗಳೂ ಸ್ಫುಟವಾಗಿಯೇ ಕಾಣುತ್ತವೆ. ದೋಷವು ಗೋಚರಿಸುವ ಹೊತ್ತಿಗೆ ಚಪ್ಪರ ಬಿಚ್ಚಿರುತ್ತದೆ.

ಹಾಗೆಂದು ಸ್ಪರ್ಶಪರದೆಯನ್ನೇ ನಿಂದಿಸಲು ನಾನು ಹೊರಟಿಲ್ಲ. ನೆಲಕ್ಕೆ ಅಂಟಿದ ಹೂವನ್ನೋ ಕೀಟವನ್ನೋ, ಪರದೆಯನ್ನು ಮೇಲಕ್ಕೆ ಮಡಿಸಿ, ಮಂಡಿಯೂರದೆ ಸೆರೆಹಿಡಿಯುವವನಿಗೆ ಅದು ವರಪ್ರಾಯ. ಚಲಚ್ಚಿತ್ರ ತೆಗೆಯುವಾಗ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಫೋಕಸನ್ನು ಮೃದುವಾಗಿ ಸಾಗಿಸುವುದಕ್ಕೆ ಬೆರಳಿಗಿಂತ ಉತ್ತಮ ಸಾಧನವಿಲ್ಲ. ಅಲ್ಲಿ ನೋಡುವ ಕಣ್ಣೂ ಮುಟ್ಟುವ ಬೆರಳೂ ಒಂದೇ ಸಂಕಲ್ಪಕ್ಕೆ ಒಳಪಟ್ಟಿರುತ್ತವೆ. 1992ರಲ್ಲೇ ಕ್ಯಾನನ್ ಇಒಎಸ್ 5, ಆಮೇಲೆ 2021ರಲ್ಲಿ ಇಒಎಸ್ ಆರ್3, ಛಾಯಾಗ್ರಾಹಕನು ಎತ್ತ ನೋಡುವನೋ ಅತ್ತ ಫೋಕಸ್ ಬಿಂದುವನ್ನು ಒಯ್ಯುವ ಪ್ರಯತ್ನವನ್ನು ಮಾಡಿದವು. ಕಣ್ಣಿಗೆ ಅಧಿಕಾರ ಕೊಡುವುದರಲ್ಲಿ ಯುಕ್ತಿಯುಂಟು; ಮೂಗಿಗೆ ಕೊಡುವುದರಲ್ಲಿ ಏನುಂಟು? ಗಾಡಿ ಹೊಡೆಯುವವನು ಕೆಮ್ಮಿದರೆ ಬಲಕ್ಕೆ ತಿರುಗುವಂತೆ ಎತ್ತನ್ನು ಯಾವ ರೈತನೂ ಪಳಗಿಸುವುದಿಲ್ಲ.

ಪರಿಹಾರಗಳು ಮೆನುವಿನ ಒಳಪುಟಗಳಲ್ಲಿ ಅಡಗಿವೆ. ಸ್ಪರ್ಶವನ್ನು ಪರದೆಯ ಬಲಾರ್ಧಕ್ಕೆ ಸೀಮಿತಗೊಳಿಸುವ ಆಯ್ಕೆಯು ಅನೇಕ ಕ್ಯಾಮೆರಾಗಳಲ್ಲಿದ್ದು, ಬಲಗಣ್ಣಿನವರಿಗೆ ಇದೇ ಸಾಕು. ಮುಟ್ಟಿದ ಸ್ಥಳಕ್ಕೇ ಬಿಂದುವು ನೆಗೆಯುವ ಕ್ರಮವನ್ನು ಬಿಟ್ಟು, ಬೆರಳು ಜಾರಿದಷ್ಟು ಮಾತ್ರ ಅದು ಸರಿಯುವ ಕ್ರಮವನ್ನು ಆರಿಸಿಕೊಂಡರೆ, ಮೂಗು ತಾಗಿದರೂ ಅನಾಹುತವು ಅಲ್ಪವಾಗುತ್ತದೆ. ಒಲಿಂಪಸ್‌ನ ಕೆಲವು ಮಾದರಿಗಳಲ್ಲಿ ಪರದೆಯನ್ನು ಎರಡು ಸಲ ತಟ್ಟಿ ಈ ಸೌಲಭ್ಯವನ್ನು ನಿಲ್ಲಿಸಬಹುದು. ಪರದೆಯನ್ನು ತಿರುಗಿಸಿ ಮುಖವನ್ನು ಒಳಕ್ಕೆ ಮಡಿಸಿಡುವುದು ಎಲ್ಲಕ್ಕಿಂತ ಸರಳ. ಆದರೆ ಎಡಗಣ್ಣಿನವರ ಪಾಡು ಬೇರೆ: ಹೆಬ್ಬೆರಳಿಗೆ ಎಟುಕುವ ಬಲಾರ್ಧವೇ ಅವರ ಮೂಗು ತಾಗುವ ಬಲಾರ್ಧವೂ ಆದ್ದರಿಂದ, ಅವರು ಈ ಸೌಲಭ್ಯವನ್ನು ಸಂಪೂರ್ಣವಾಗಿ ಆಫ್ ಮಾಡಿ, ಹಿಂಬದಿಯ ಜಾಯ್‌ಸ್ಟಿಕ್ಕನ್ನು ಆಶ್ರಯಿಸುವುದೇ ಲೇಸು. ಜಾಯ್‌ಸ್ಟಿಕ್ಕಿಲ್ಲದ ಅಗ್ಗದ ಮಾದರಿಗಳಲ್ಲಿ ನಡುಬಿಂದುವಿನಿಂದ ಫೋಕಸ್ ಮಾಡಿ, ಗುಂಡಿಯನ್ನು ಅರ್ಧ ಒತ್ತಿ ಹಿಡಿದು ಚೌಕಟ್ಟನ್ನು ಹೊಂದಿಸುವ ಹಳೆಯ ರೂಢಿಯು ಇಂದಿಗೂ ಕೈಬಿಟ್ಟಿಲ್ಲ.

ಪೂರ್ಣಚಂದ್ರ ತೇಜಸ್ವಿಯವರೂ ಸಂಡೂರಿನ ಎಂ.ವೈ. ಘೋರ್ಪಡೆಯವರೂ ನಮ್ಮ ನಾಡಿನ ಹಕ್ಕಿಗಳನ್ನೂ ಮೃಗಗಳನ್ನೂ ಬೆನ್ನಟ್ಟಿದ ಫಿಲ್ಮಿನ ಕಾಲದಲ್ಲಿ ಚಿತ್ರಗಳು ಮಸುಕಾಗುತ್ತಿರಲಿಲ್ಲವೆಂದಲ್ಲ. ಇಂದಿಗಿಂತ ಹೆಚ್ಚಾಗಿಯೇ ಮಸುಕಾಗುತ್ತಿದ್ದವು. ಆದರೆ ಮಸೂರದ ಬಳೆಯನ್ನು ಕೈಯಿಂದ ತಿರುಗಿಸಿದವನು ತಪ್ಪಿದರೆ, ಆ ತಪ್ಪು ಅವನದೇ ಆಗಿದ್ದು, ಮರುದಿನ ತಿದ್ದಿಕೊಳ್ಳುವ ಮಾರ್ಗವೂ ಅವನಿಗೆ ತೆರೆದಿತ್ತು. ತಾನು ಕೊಡದ ಆಜ್ಞೆಗೆ ತಾನೇ ಹೊಣೆಯಾಗುವ ಸ್ಥಿತಿಯು ನಮ್ಮ ಕಾಲದ್ದು. ಬಾಡಿಗೆಗೆ ತಂದ ಕ್ಯಾಮೆರಾದಲ್ಲಂತೂ ಹಿಂದಿನ ಬಾಡಿಗೆದಾರನ ಹೊಂದಾಣಿಕೆಗಳೇ ಉಳಿದಿರಬಹುದಾದ್ದರಿಂದ, ಈ ಹೊಣೆಯು ಇನ್ನಷ್ಟು ಅನ್ಯಾಯದ್ದಾಗುತ್ತದೆ.

ಆದ್ದರಿಂದ ತಯಾರಕರಲ್ಲಿ ನನ್ನ ಬೇಡಿಕೆ ಇಷ್ಟೇ: ಕಣ್ಣು ವ್ಯೂಫೈಂಡರಿಗೆ ಬಂದೊಡನೆ ಪರದೆಯು ಸ್ಪರ್ಶಕ್ಕೆ ಕಿವುಡಾಗಿರತಕ್ಕದ್ದು, ಬೇಕೆಂದವನು ಹುಡುಕಿ ಚಾಲೂ ಮಾಡಿಕೊಳ್ಳಲಿ. ಈ ಕ್ರಮವು ಎಲ್ಲ ಮಾದರಿಗಳಿಗೂ ಸಾಮಾನ್ಯವಾಗುವವರೆಗೆ ಓದುಗರು, ಕ್ಯಾಮೆರಾ ತಮ್ಮದಾಗಲಿ ಬಾಡಿಗೆಯದಾಗಲಿ, ಅದನ್ನು ಕಣ್ಣಿಗೆ ಹಿಡಿದು, ಮೂಗು ತಾಗಿಸಿ, ಬಿಂದುವು ಸರಿಯುವುದೋ ಇಲ್ಲವೋ ಎಂಬುದನ್ನು ಮದುವೆಯ ಹಿಂದಿನ ದಿನವೇ ಪರೀಕ್ಷಿಸಿ ನೋಡಿಕೊಳ್ಳಬೇಕಾಗಿ ವಿನಂತಿ.