‘ಅದಕ್ಕೇ’ ಎಂಬ ಮೂರಕ್ಷರದ ನೆಪ

ತುಳಿಸಿಕೊಂಡವನು ತಿರುಗಿ ಬೀಳುವ ಕಥೆ ಎಂದರೆ ನಮಗೆಲ್ಲ ಇಷ್ಟ. ಮೊದಲರ್ಧದಲ್ಲಿ ಎಲ್ಲರೂ ಅವನನ್ನು ಆಡಿಕೊಂಡು ನಗಬೇಕು. ಇಂಟರ್‌ವಲ್ ಹೊತ್ತಿಗೆ ಅವನು ಸಿಡಿದೇಳಬೇಕು. ಆಮೇಲೆ ಅವನು ಏನೇ ಮಾಡಿದರೂ ನಾವು ಶಿಳ್ಳೆ ಹೊಡೆಯುತ್ತೇವೆ. ಅಮೆರಿಕದ ‘ಫಾರ್ಗೋ’ ಸರಣಿಯ ಮೊದಲ ಸೀಸನ್ ಇದೇ ಕಥೆಯನ್ನು ಕೈಗೆತ್ತಿಕೊಳ್ಳುತ್ತದೆ. ಆದರೆ ಶಿಳ್ಳೆ ಹೊಡೆಯಲು ಬಾಯಿಗಿಟ್ಟ ಬೆರಳು ಅಲ್ಲೇ ನಿಂತುಬಿಡುತ್ತದೆ. ಕೆಲಸ ಹುಡುಕುತ್ತಾ, ‘ಇನ್ನೂ ಎಲ್ಲೂ ಆಗಿಲ್ವಾ?’ ಎಂಬ ಪ್ರಶ್ನೆ ಕೇಳಿಸಿಕೊಳ್ಳುತ್ತಾ ಓಡಾಡುವ ನಮ್ಮಂಥವರು ನೋಡಬೇಕಾದ ಸರಣಿ ಇದು ಎಂದು ನನಗನ್ನಿಸುವುದು ಅದಕ್ಕಾಗಿಯೇ.

ಇದರ ಮೂಲ 1996ರಲ್ಲಿ ಬಂದ ಇದೇ ಹೆಸರಿನ ಸಿನಿಮಾ. ಜೋಯೆಲ್ ಮತ್ತು ಈಥನ್ ಕೋಯೆನ್ ಸೋದರರು ಮಾಡಿದ್ದು. ಹಣಕ್ಕಾಗಿ ಹೆಂಡತಿಯನ್ನೇ ಅಪಹರಣ ಮಾಡಿಸುವ ಕಾರು ಮಾರಾಟಗಾರನೊಬ್ಬ, ಆ ಕೇಸಿನ ಬೆನ್ನು ಹತ್ತುವ ತುಂಬು ಗರ್ಭಿಣಿ ಪೊಲೀಸ್ ಅಧಿಕಾರಿ ಮಾರ್ಜ್. ಈ ಪಾತ್ರಕ್ಕೆ ಫ್ರಾನ್ಸಿಸ್ ಮೆಕ್‌ಡಾರ್ಮಂಡ್ ಆಸ್ಕರ್ ಪಡೆದರು, ಚಿತ್ರಕಥೆಗೂ ಆಸ್ಕರ್ ಬಂತು. 2014ರಲ್ಲಿ ನೋವಾ ಹಾಲಿ ಅದೇ ಹಿಮದ ನಾಡು, ಅದೇ ಕಪ್ಪು ಹಾಸ್ಯ ಇಟ್ಟುಕೊಂಡು ಎಫ್ಎಕ್ಸ್ ವಾಹಿನಿಗೆ ಸರಣಿ ಮಾಡಿದರು. ಪ್ರತಿ ಸೀಸನ್‌ಗೂ ಬೇರೆ ಕಥೆ, ಬೇರೆ ಕಾಲ. ಒಂದರಲ್ಲಿ 1979, ಇನ್ನೊಂದರಲ್ಲಿ 1950. ಹೀಗೆ ಐದು ಸೀಸನ್ ಬಂದಿವೆ. ನಾನು ಹೇಳುತ್ತಿರುವುದು ಮೊದಲನೆಯದರ ಬಗ್ಗೆ. ನೋಡದವರು ಗಮನಿಸಿ, ಕಥೆ ಪೂರ್ತಿ ಬಿಟ್ಟುಕೊಡುತ್ತಿದ್ದೇನೆ.

2006, ಮಿನೆಸೋಟ ರಾಜ್ಯದ ಬೆಮಿಜಿ ಎಂಬ ಸಣ್ಣ ಊರು. ಲೆಸ್ಟರ್ ನೈಗಾರ್ಡ್ ವಿಮೆ ಪಾಲಿಸಿ ಮಾರುವವನು. ವ್ಯಾಪಾರವಿಲ್ಲ. ಹೆಂಡತಿ ಪರ್ಲ್ ಅವನನ್ನು ಸದಾ ಅವನ ಸೋದರನ ಜತೆ ಹೋಲಿಸುತ್ತಾಳೆ. ಶಾಲೆಯಲ್ಲಿ ಗೋಳು ಹುಯ್ದುಕೊಂಡಿದ್ದ ಸ್ಯಾಮ್ ಹೆಸ್, ಇಷ್ಟು ವರ್ಷಗಳ ನಂತರ ರಸ್ತೆಯಲ್ಲಿ ಸಿಕ್ಕು, ತನ್ನ ಮಕ್ಕಳ ಎದುರೇ ಮತ್ತೆ ಹೀಯಾಳಿಸುತ್ತಾನೆ. ಅವನು ಹೊಡೆಯುವಂತೆ ಕೈ ಎತ್ತಿದರೆ ಸಾಕು, ಲೆಸ್ಟರ್ ಬೆದರಿ ತಾನೇ ಗಾಜಿಗೆ ಗುದ್ದಿಕೊಂಡು ಮೂಗು ಒಡೆದುಕೊಳ್ಳುತ್ತಾನೆ. ಆಸ್ಪತ್ರೆಯಲ್ಲಿ ಪಕ್ಕ ಕುಳಿತ ಅಪರಿಚಿತ, ಬಾಡಿಗೆ ಹಂತಕ ಲೋರ್ನ್ ಮಾಲ್ವೊ, ‘ಅವನನ್ನು ಮುಗಿಸಲಾ?’ ಎಂಬಂತೆ ಕೇಳುತ್ತಾನೆ. ಲೆಸ್ಟರ್ ಹೂಂ ಎನ್ನುವುದಿಲ್ಲ. ಆದರೆ ಬೇಡ ಎಂದೂ ಹೇಳುವುದಿಲ್ಲ. ಹೆಸ್ ಸಾಯುತ್ತಾನೆ.

ಇಲ್ಲಿಯತನಕ ನಾವು ಲೆಸ್ಟರ್ ಪರ. ಮಾರ್ಟಿನ್ ಫ್ರೀಮನ್ ಆ ಪಾತ್ರವನ್ನು ಎಷ್ಟು ಪಾಪದವನನ್ನಾಗಿ ಮಾಡಿದ್ದಾರೆಂದರೆ, ಅವನಿಗೆ ಒಂದಾದರೂ ಗೆಲುವು ಸಿಗಲಿ ಎನಿಸುತ್ತದೆ. ಆಮೇಲೆ ಒಂದು ಸಂಜೆ, ಕೆಟ್ಟ ವಾಷಿಂಗ್ ಮಷಿನ್ ಮುಂದೆ ಪರ್ಲ್ ಮತ್ತೆ ಚುಚ್ಚಿ ಮಾತನಾಡುತ್ತಾಳೆ. ಅವನು ಸುತ್ತಿಗೆ ಎತ್ತುತ್ತಾನೆ. ಕೊಲ್ಲುತ್ತಾನೆ.

ಪತ್ರಿಕೆಯ ಅಪರಾಧ ಸುದ್ದಿಗಳನ್ನು ಗಮನಿಸಿ. ಹೆಂಡತಿ ಎದುರು ಮಾತನಾಡಿದಳು, ಅದಕ್ಕೇ. ಹುಡುಗಿ ಪ್ರೀತಿ ನಿರಾಕರಿಸಿದಳು, ಅದಕ್ಕೇ. ಗೆಳೆಯರ ಮುಂದೆ ಮರ್ಯಾದೆ ತೆಗೆದ, ಅದಕ್ಕೇ. ಈ ‘ಅದಕ್ಕೇ’ ಎಂಬ ಮೂರಕ್ಷರ ಒಂದು ಕೊಲೆಯನ್ನು ಕಾರಣವಿದ್ದ ಕೊಲೆಯಾಗಿ ಮಾಡಿಬಿಡುತ್ತದೆ. ನಾವೂ ಓದಿ, ‘ಅವಳೂ ಹಾಗೆ ಮಾಡಬಾರದಿತ್ತು’ ಎಂದು ಹಾಳೆ ತಿರುವುತ್ತೇವೆ. ಪರ್ಲ್ ಕಟುವಾಗಿ ಮಾತನಾಡುತ್ತಿದ್ದಳು, ನಿಜ. ಅದಕ್ಕೆ ಉತ್ತರ ಬಾಗಿಲು ತೆರೆದು ಹೊರಗೆ ಹೋಗುವುದಾಗಿತ್ತು.

‘ಫಾರ್ಗೋ’ದ ಜಾಣ್ಮೆ ಮುಂದಿನದು. ಮೊದಲ ಕೊಲೆಗಾದರೂ ಲೆಸ್ಟರ್‌ಗೆ ಒಂದು ‘ಅದಕ್ಕೇ’ ಇತ್ತು. ನಂತರದ ಕೃತ್ಯಗಳಿಗೆ ಅದೂ ಇಲ್ಲ. ಕೇಸನ್ನು ಸೋದರನ ತಲೆಗೆ ಕಟ್ಟಲು ಅವನ ಮಗನ ಸ್ಕೂಲ್ ಬ್ಯಾಗಿನಲ್ಲಿ ಪಿಸ್ತೂಲು ಇಡುತ್ತಾನೆ. ಆ ಹುಡುಗ ಇವನಿಗೆ ಯಾವ ಅವಮಾನ ಮಾಡಿದ್ದ? ವರ್ಷ ಕಳೆಯುವಷ್ಟರಲ್ಲಿ ಲೆಸ್ಟರ್ ಎರಡನೇ ಮದುವೆಯಾಗಿ, ಲಾಸ್ ವೇಗಸ್‌ನಲ್ಲಿ ವರ್ಷದ ಅತ್ಯುತ್ತಮ ವಿಮೆ ಮಾರಾಟಗಾರ ಎಂಬ ಪ್ರಶಸ್ತಿ ಪಡೆಯುತ್ತಾನೆ. ಯಾವುದೇ ಮೋಟಿವೇಷನ್ ರೀಲ್ಸ್‌ಗೆ ಹೇಳಿ ಮಾಡಿಸಿದ ಯಶಸ್ಸಿನ ಕಥೆ! ಅವನ ಮನೆಯ ನೆಲಮಾಳಿಗೆಯಲ್ಲೂ ಅಂಥದ್ದೇ ಒಂದು ಪೋಸ್ಟರ್ ಇದೆ: ಮೀನುಗಳೆಲ್ಲ ಒಂದು ಕಡೆ, ಒಂದೇ ಮೀನು ಎದುರು ದಿಕ್ಕಿಗೆ. ಆತ್ಮವಿಶ್ವಾಸ ಬಂದರೆ ಸಾಲದು, ಅದು ಯಾರ ಕೈಗೆ ಬಂತು ಎನ್ನುವುದೂ ಮುಖ್ಯ ಎಂದು ಆ ಮೀನು ನಮ್ಮನ್ನು ನೋಡಿ ನಕ್ಕಂತಿರುತ್ತದೆ. ಕೊನೆಗೆ ಮಾಲ್ವೊ ಬೆನ್ನು ಹತ್ತಿದಾಗ, ಈ ‘ಗೆದ್ದ’ ಮನುಷ್ಯ ಎರಡನೇ ಹೆಂಡತಿಗೆ ತನ್ನ ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿ, ಕತ್ತಲಲ್ಲಿ ಆಫೀಸಿನೊಳಗೆ ತನ್ನ ಬದಲು ಅವಳನ್ನು ಕಳಿಸುತ್ತಾನೆ. ಅವಳು ಇವನನ್ನು ಪ್ರೀತಿಸುವುದು ಬಿಟ್ಟು ಬೇರೇನೂ ಮಾಡಿರಲಿಲ್ಲ.

‘ಆದರೂ ಮಾಲ್ವೊ ಎಷ್ಟು ಮಾಸ್!’ ಎನ್ನುವವರಿದ್ದಾರೆ. ಬಿಲ್ಲಿ ಬಾಬ್ ಥಾರ್ನ್‌ಟನ್ ನಟನೆಗೆ ಮರುಳಾಗದಿರುವುದು ಕಷ್ಟವೇ. ಆದರೆ ಸರಣಿ ಅವನನ್ನು ಹೊಗಳುವುದಿಲ್ಲ. ಅದು ತನ್ನ ಹೊತ್ತನ್ನು ಕೊಡುವುದು ಮಾಲಿ ಸಾಲ್ವರ್ಸನ್ ಎಂಬ ಡೆಪ್ಯುಟಿಗೆ. ಆಲಿಸನ್ ಟೋಲ್ಮನ್ ಮಾಡಿದ ಈ ಪಾತ್ರಕ್ಕೆ ಬಿಲ್ಡಪ್ ಇಲ್ಲ, ಸ್ಲೋ ಮೋಷನ್ ಇಲ್ಲ, ಪಂಚ್ ಡೈಲಾಗ್ ಇಲ್ಲ. ಅವಮಾನ ಅವಳಿಗೂ ಆಗುತ್ತದೆ. ಲೆಸ್ಟರ್ ಮೇಲೆ ಮೊದಲೇ ಅನುಮಾನಪಟ್ಟವಳು ಅವಳು. ಆದರೆ ಹೊಸ ಮುಖ್ಯಾಧಿಕಾರಿ ಬಿಲ್‌ಗೆ ಲೆಸ್ಟರ್ ಶಾಲಾ ಗೆಳೆಯ. ಆತ ಅವಳ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅರ್ಹತೆ ಇದ್ದೂ ಪಕ್ಕಕ್ಕೆ ಸರಿಸಿಕೊಂಡವರ ನೋವು ಅವಳದು. ಅವಳು ಕೂಗಾಡುವುದಿಲ್ಲ, ಸೇಡಿಗೂ ಇಳಿಯುವುದಿಲ್ಲ. ಗೋಡೆಯ ಮೇಲೆ ಹೆಸರುಗಳನ್ನು ಗೆರೆ ಎಳೆದು ಜೋಡಿಸುತ್ತಾ, ವರ್ಷ ಕಳೆದರೂ ಫೈಲ್ ಮುಚ್ಚದೆ ಕೂರುತ್ತಾಳೆ. ಕೊನೆಗೆ ಬಿಲ್ ತಾನಾಗಿಯೇ ಅವಳಿಗೆ ಕುರ್ಚಿ ಬಿಟ್ಟುಕೊಡುತ್ತಾನೆ.

ಸರಣಿಯ ಬಗ್ಗೆ ನನ್ನದೊಂದು ತಕರಾರೂ ಇದೆ. ಇಷ್ಟೆಲ್ಲ ಮಾಡಿದ ಮಾಲಿಗೆ ಕೊನೆಯಲ್ಲಿ ಮಾಲ್ವೊನನ್ನು ಕೈಕೋಳ ಹಾಕಿ ಕರೆದೊಯ್ಯುವ ಅವಕಾಶವನ್ನೇ ಕೊಡಲಿಲ್ಲ. ಅವಳ ಗಂಡ ಗಸ್ ಅವನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಹಿಂದೊಮ್ಮೆ ಹೆದರಿ ಮಾಲ್ವೊನನ್ನು ಬಿಟ್ಟುಕಳಿಸಿ, ನಂತರ ಪೊಲೀಸ್ ಕೆಲಸವನ್ನೇ ಬಿಟ್ಟು ಅಂಚೆಯವನಾದ ಗಸ್‌ಗೆ ಅದು ಸಮಾಧಾನವಿರಬಹುದು. ಆದರೆ ತಾಳ್ಮೆಯ ತನಿಖೆಯನ್ನೇ ನಾಯಕನನ್ನಾಗಿ ಮಾಡಿದ ಕಥೆ ಕೊನೆಗೆ ಬಂದೂಕಿನ ಮೊರೆ ಹೋಗಿದ್ದು ನನಗೆ ಸರಿ ಕಾಣಲಿಲ್ಲ.

ಹಾಗಿದ್ದರೂ ಈ ಹತ್ತು ಕಂತು ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತವೆ. ಅವಮಾನ ಸುಳ್ಳಲ್ಲ. ಮದುವೆ ಮನೆಯಲ್ಲಿ, ಇಂಟರ್‌ವ್ಯೂ ಕೋಣೆಯಲ್ಲಿ, ಪ್ಲೇಸ್‌ಮೆಂಟ್ ಆದ ಗೆಳೆಯನ ಸ್ಟೇಟಸ್ ನೋಡುವಾಗ ಅದು ಚುಚ್ಚುತ್ತದೆ. ಅದರಿಂದ ಸಿಟ್ಟು ಬರುವುದೂ ಸಹಜ. ಆದರೆ ಆ ನೋವು ನಮಗೆ ಯಾರ ಮೇಲೂ ಯಾವ ಹಕ್ಕನ್ನೂ ಕೊಡುವುದಿಲ್ಲ. ನಮ್ಮನ್ನು ಬೇಡ ಎಂದವರ ಮೇಲೂ ಇಲ್ಲ, ನಮಗಿಂತ ಮುಂದೆ ಹೋದವರ ಮೇಲೂ ಇಲ್ಲ. ಲೆಸ್ಟರ್‌ಗೂ ಮಾಲಿಗೂ ಇದ್ದ ವ್ಯತ್ಯಾಸ ಇಷ್ಟೇ: ‘ನನಗೆ ಹೀಗಾಯಿತು, ಅದಕ್ಕೇ...’ ಎಂದು ಇಬ್ಬರೂ ಹೇಳಬಹುದಿತ್ತು. ಒಬ್ಬ ಆ ವಾಕ್ಯವನ್ನು ಸುತ್ತಿಗೆಯಿಂದ ಮುಗಿಸಿದ. ಇನ್ನೊಬ್ಬಳು ಮರುದಿನ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದಳು.