ದೀಪದ ಗುಂಡಿ ಯಾರ ಕೈಯಲ್ಲಿ?

ದೀಪಾವಳಿಗೆ, ಯುಗಾದಿಗೆ ಊರಿಗೆ ಬರುವ ಮಕ್ಕಳು ಹಿಂದೆ ತಂದೆತಾಯಿಗಳಿಗಾಗಿ ಧೋತರ, ಇಳಕಲ್ಲ ಸೀರೆ, ಸೊಲ್ಲಾಪುರದ ಚಾದರ ತರುತ್ತಿದ್ದರು. ಈಗ ಪುಣೆ, ಮುಂಬಯಿ, ಬೆಂಗಳೂರುಗಳಿಂದ ಬರುವವರ ಚೀಲದಲ್ಲಿ ಮೊಬೈಲಿನಿಂದ ಹೊತ್ತುವ ಬಲ್ಬು, ಮೊಬೈಲಿನ ಮಾತು ಕೇಳುವ ಪ್ಲಗ್ಗು, ಕೂಗಿದರೆ ಓಗೊಡುವ ಪುಟ್ಟ ಡಬ್ಬಿ ಇರುತ್ತವೆ. ಇವುಗಳಿಂದ ಮನೆತನಕ್ಕೆ ನಿಜವಾದ ಪ್ರಯೋಜನವುಂಟೇ, ಇಲ್ಲವೇ ಇದು ದುಡ್ಡಿನ ದಂಡವೇ ಎಂದು ಜತ್ತ, ಅಕ್ಕಲಕೋಟೆ ಕಡೆಯ ಹಲವು ಪಾಲಕರು ನಮ್ಮನ್ನು ಕೇಳಿದ್ದಾರೆ. ಶಾಲೆಯ ಮಾಸ್ತರರಿಗೆ ಎಲ್ಲವೂ ತಿಳಿದಿರುತ್ತದೆಂಬ ಹಳೆಯ ನಂಬಿಗೆ ನಮ್ಮ ಗಡಿಭಾಗದ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಆ ನಂಬಿಗೆಯ ಋಣವನ್ನು ತುಸುವಾದರೂ ತೀರಿಸಲು ಈ ತಿಂಗಳು ಇದೇ ವಿಷಯವನ್ನು ಎತ್ತಿಕೊಂಡಿದ್ದೇವೆ.

ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ಹೋಗಬೇಕೆಂಬುದು ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠ. ಗೊತ್ತಿರುವುದು ಗೋಡೆಯ ಮೇಲಿನ ಗುಂಡಿ. ಅದನ್ನು ಒತ್ತಿದರೆ ತಂತಿಯ ದಾರಿ ಕೂಡುತ್ತದೆ, ವಿದ್ಯುತ್ತು ಹರಿಯುತ್ತದೆ, ದೀಪ ಹತ್ತುತ್ತದೆ. ಮೊಬೈಲಿಗೆ ಮಣಿಯುವ ಬಲ್ಬಿನೊಳಗೆ ಇದರ ಜೊತೆಗೆ ಒಂದು ಸಣ್ಣ ರೇಡಿಯೋ ಇರುತ್ತದೆ. ಅದು ಮನೆಯ ವೈ-ಫೈ ಪೆಟ್ಟಿಗೆಯಿಂದ ಬರುವ ಆಜ್ಞೆಗಾಗಿ ಹಗಲಿರುಳು ಕಿವಿಗೊಟ್ಟು ಕಾಯುತ್ತಿರುತ್ತದೆ. ಮಗನು ಪುಣೆಯಲ್ಲಿ ಕುಳಿತು ಮೊಬೈಲ್ ಮುಟ್ಟಿದಾಗ ಆ ಆಜ್ಞೆಯು ಬಲ್ಬನ್ನು ತಯಾರಿಸಿದ ಕಂಪನಿಯ ದೂರದ ಗಣಕಯಂತ್ರಕ್ಕೆ ಹೋಗಿ, ಅಲ್ಲಿಂದ ನಮ್ಮ ಮನೆಯ ಪೆಟ್ಟಿಗೆಗೆ ಬಂದು, ಕೊನೆಗೆ ಬಲ್ಬನ್ನು ಸೇರುತ್ತದೆ. ಇಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಯುವುದು ವಿಜ್ಞಾನದ ಸೋಜಿಗವೇ ಸರಿ. ಆದರೆ ದಾರಿ ಉದ್ದವಾದಷ್ಟೂ ಅದು ಕಡಿಯುವ ಜಾಗಗಳು ಹೆಚ್ಚು ಎಂಬುದನ್ನು ಮರೆಯಲಾಗದು.

ವಿದ್ಯುತ್ ಬಿಲ್ಲು ಕಡಿಮೆಯಾಗುತ್ತದೆಂಬುದು ಮಾರುವವರ ಮೊದಲ ಮಾತು. ಲೆಕ್ಕ ಹಾಕಿ ನೋಡೋಣ. ಹಳೆಯ 60 ವ್ಯಾಟಿನ ಬಲ್ಬು ದಿನಕ್ಕೆ 5 ತಾಸು ಉರಿದರೆ ವರ್ಷಕ್ಕೆ ಸುಮಾರು 110 ಯುನಿಟ್ ಖರ್ಚು. ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ ಸುಮಾರು 16 ಯುನಿಟ್. ಉಳಿತಾಯವೆಲ್ಲ ಆಗುವುದು ಇಲ್ಲಿಯೇ. ನೀಲಿ ಎಲ್‌ಇಡಿಯನ್ನು ಕಂಡುಹಿಡಿದುದಕ್ಕಾಗಿ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶೂಜಿ ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂದಿತು. ಮರುವರ್ಷ, ಎಂದರೆ 2015ರಲ್ಲಿ, ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಆರಂಭವಾಗಿ, ಮುಂದೆ ಅದರ ಮೂಲಕ 36 ಕೋಟಿಗೂ ಹೆಚ್ಚು ಬಲ್ಬುಗಳು ದೇಶದ ಮನೆಗಳನ್ನು ತಲಪಿದವು. ಹೀಗೆ ನಮ್ಮ ಬಿಲ್ಲನ್ನು ಇಳಿಸಿದ್ದು ಎಲ್‌ಇಡಿಯೇ ಹೊರತು ಮೊಬೈಲಲ್ಲ.

ಇನ್ನು ಮೊಬೈಲ್ ಬಲ್ಬಿನ ಲೆಕ್ಕ. ಅದು ಆರಿದ್ದಾಗಲೂ ಕಿವಿಗೊಟ್ಟು ಕಾಯಲು ಅರ್ಧ ವ್ಯಾಟಿನಷ್ಟು ವಿದ್ಯುತ್ತನ್ನು ಹೀರುತ್ತದೆಂದು ಇಟ್ಟುಕೊಳ್ಳೋಣ. ದಿನದ ಉಳಿದ 19 ತಾಸಿಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಮೂರೂವರೆ ಯುನಿಟ್ ಸುಮ್ಮನೆ ಹೋಯಿತು. ಈ ನಷ್ಟವನ್ನು ತುಂಬಿಕೊಳ್ಳಬೇಕಾದರೆ, ನಾವು ಮರೆತು ಉರಿಯಬಿಡುತ್ತಿದ್ದ ದೀಪವನ್ನು ಅದು ದಿನಾಲೂ ಒಂದು ತಾಸಿಗಿಂತ ಹೆಚ್ಚು ಕಾಲ ಆರಿಸಿಡಬೇಕು. ಕೋಣೆಯಿಂದ ಹೊರಬರುವಾಗ ಗುಂಡಿ ಒತ್ತುವ ಅಭ್ಯಾಸವುಳ್ಳ ಮನೆಯಲ್ಲಿ ಇಂಥ ಬಲ್ಬು ಒಂದು ಪೈಸೆಯನ್ನೂ ಉಳಿಸಲಾರದು. ಇದರ ಸಲುವಾಗಿಯೇ ಹೊಸದಾಗಿ ವೈ-ಫೈ ಪೆಟ್ಟಿಗೆ ಇಟ್ಟರಂತೂ, 6 ವ್ಯಾಟಿನ ಪೆಟ್ಟಿಗೆಯು ಹಗಲಿರುಳು ನಡೆದು ವರ್ಷಕ್ಕೆ 50ಕ್ಕೂ ಹೆಚ್ಚು ಯುನಿಟ್ ತಿನ್ನುತ್ತದೆ. ನಿಜವಾಗಿ ಉಳಿತಾಯ ಬೇಕಾದವರು ಫ್ಯಾನಿನ ಕಡೆಗೆ ನೋಡಲಿ. 75 ವ್ಯಾಟಿನ ಹಳೆಯ ಫ್ಯಾನಿನ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿ ದಿನಕ್ಕೆ 10 ತಾಸು ತಿರುಗಿಸಿದರೆ ವರ್ಷಕ್ಕೆ 164 ಯುನಿಟ್ ಉಳಿಯುತ್ತದೆ. ಇಂಥ ಫ್ಯಾನಿನೊಡನೆ ಸಾಮಾನ್ಯವಾಗಿ ಒಂದು ರಿಮೋಟ್ ಬರುತ್ತದೆ. ಮಲಗಿದಲ್ಲಿಂದಲೇ ಗಾಳಿಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಲು ಅಷ್ಟು ಸಾಕು.

ದುಡ್ಡಿನ ಮಾತು ಇಷ್ಟಕ್ಕೆ ನಿಲ್ಲಲಿ. ಅದಕ್ಕಿಂತ ದೊಡ್ಡ ಮಾತೊಂದಿದೆ. ನಮ್ಮ ಊರಿನ ಒಬ್ಬ ತಾಯಿಯ ಮನೆಯಲ್ಲಿ ನಡೆದುದನ್ನು ಹೇಳುತ್ತೇವೆ. ಪತಿ ತೀರಿಕೊಂಡ ಮೇಲೆ ಅವರು ಒಬ್ಬರೇ ಇರುತ್ತಾರೆ. ಮಗ ಪುಣೆಯಲ್ಲಿ ಇಂಜಿನಿಯರ್. ತಾಯಿಯ ಚಿಂತೆಯಿಂದಲೇ ಅವನು ಪಡಸಾಲೆಗೆ, ಅಡಿಗೆಮನೆಗೆ, ಅಂಗಳಕ್ಕೆ ಮೊಬೈಲ್ ಬಲ್ಬುಗಳನ್ನು ಹಾಕಿಸಿದ. ಗೋಡೆಯ ಗುಂಡಿ ಆರಿಸಿದರೆ ಇಂಥ ಬಲ್ಬಿಗೆ ವಿದ್ಯುತ್ತೇ ಸಿಗುವುದಿಲ್ಲ, ಮೊಬೈಲಿನ ಆಜ್ಞೆಯೂ ಮುಟ್ಟುವುದಿಲ್ಲ. ಆದ್ದರಿಂದ ಗುಂಡಿಗಳ ಮೇಲೆ ಪಟ್ಟಿ ಅಂಟಿಸಿ, ಇದನ್ನು ಮುಟ್ಟಬೇಡವ್ವಾ ಎಂದು ಹೇಳಿ ಹೋದ. ಸಂಜೆ ದೀಪ ಹತ್ತುವುದು, ರಾತ್ರಿ ಹತ್ತಕ್ಕೆ ಆರುವುದು, ಎಲ್ಲವೂ ಅವನ ಮೊಬೈಲಿನಿಂದಲೇ. ಮಾತಿನ ಡಬ್ಬಿಯನ್ನೂ ತಂದಿಟ್ಟಿದ್ದ. ಅವನು ಅದಕ್ಕೆ ಹಿಂದಿಯನ್ನೂ ಇಂಗ್ಲಿಷನ್ನೂ ಹೊಂದಿಸಿದ್ದ. ತಾಯಿಗೆ ಬರುವುದು ಕನ್ನಡ, ಸಂತೆಗೆ ಸಾಲುವಷ್ಟು ಮರಾಠಿ. ಒಂದು ದಿನ ಇಂಟರ್ನೆಟ್ಟಿನ ಅವಧಿ ಮುಗಿದುಹೋಯಿತು. ಎರಡು ರಾತ್ರಿ ಆ ತಾಯಿ ಚಿಮಣಿ ಹಚ್ಚಿಕೊಂಡು ಕುಳಿತರು. ಮೂರನೆಯ ದಿನ ಪಕ್ಕದ ಮನೆಯ, ನಮ್ಮ ಶಾಲೆಯ ಐದನೆಯ ಇಯತ್ತೆಯ ಹುಡುಗನು ಪಟ್ಟಿ ಕಿತ್ತು, ಗುಂಡಿಯನ್ನು ಒಮ್ಮೆ ಆರಿಸಿ ಮತ್ತೆ ಒತ್ತಿದ. ದೀಪ ಹತ್ತಿತು. "ನನ್ನ ಮನ್ಯಾಗಿನ ದೀಪಾ ಹಚ್ಚಾಕ ನಾ ಪುಣ್ಯಾಕ ಫೋನ್ ಮಾಡಬೇಕೇನ್ರಿ, ಮಾಸ್ತರ?" ಎಂದು ಆ ತಾಯಿ ನಮ್ಮನ್ನು ಕೇಳಿದರು.

ಮಗ ಕೆಟ್ಟವನಲ್ಲ. ಅವನ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ತಾಯಿಗೆ ಬೆಳಕು ಕೊಡಹೋಗಿ ಅವನು ಅವರ ಕೈಯಲ್ಲಿದ್ದ ಅಧಿಕಾರವನ್ನು ತೆಗೆದುಕೊಂಡ. ನಲವತ್ತು ವರ್ಷ ಮನೆ ನಡೆಸಿದ ಹೆಣ್ಣುಮಗಳು ತನ್ನ ಮನೆಯಲ್ಲಿಯೇ ಅತಿಥಿಯಾದರು. ವಯಸ್ಸಾದವರಿಗೆ ಕಣ್ಣು, ಕಿವಿ, ಮೊಣಕಾಲುಗಳು ಒಂದೊಂದಾಗಿ ಕೈಬಿಡುತ್ತಿರುವಾಗ, ತಾವೇ ಮಾಡಿಕೊಳ್ಳಬಲ್ಲ ಸಣ್ಣ ಕೆಲಸಗಳೇ ಅವರ ಧೈರ್ಯ. ಆ ಧೈರ್ಯವನ್ನು ಕಸಿದುಕೊಳ್ಳುವ ಯಂತ್ರ ಎಷ್ಟೇ ಜಾಣವಾಗಿದ್ದರೂ ಮನೆಗೆ ತಕ್ಕುದಲ್ಲವೆಂಬುದು ನಮ್ಮ ಅಭಿಪ್ರಾಯ.

ಗುಂಡಿಯು ದೂರದ ಕಂಪನಿಯ ಕೈಯಲ್ಲಿರುವುದರಿಂದ ಆಗುವ ತೊಂದರೆಯನ್ನು ಶ್ರೀಮಂತ ದೇಶದವರೂ ಉಂಡಿದ್ದಾರೆ. ಅಮೆರಿಕದಲ್ಲಿ ರಿವಾಲ್ವ್ ಎಂಬ ಮನೆ-ನಿಯಂತ್ರಣದ ಪೆಟ್ಟಿಗೆಯನ್ನು ಅದರ ಒಡೆಯರಾದ ನೆಸ್ಟ್ ಕಂಪನಿಯವರು 2016ರಲ್ಲಿ ನಿಲ್ಲಿಸಿಬಿಟ್ಟಾಗ, ಹಣ ಕೊಟ್ಟು ಕೊಂಡವರ ಕೈಯಲ್ಲಿ ಉಳಿದದ್ದು ಬರಿಯ ಡಬ್ಬಿ. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಎಂಬ ಕಂಪನಿಯ ಗಣಕಯಂತ್ರಗಳು ಮುನ್ಸೂಚನೆಯಿಲ್ಲದೆ ಮೌನವಾದವು. ಕೆಲವು ಗ್ರಾಹಕರೇ ಕೂಡಿ ಕಂಪನಿಯನ್ನು ಕೊಂಡುಕೊಂಡ ಮೇಲೆ ಅದಕ್ಕೆ ಮತ್ತೆ ಜೀವ ಬಂದಿತು. ಇಂಥ ಗೊಂದಲವನ್ನು ತಗ್ಗಿಸಲೆಂದು ಹಲವು ಕಂಪನಿಗಳು ಸೇರಿ 2022ರಲ್ಲಿಯೇ ಮ್ಯಾಟರ್ ಎಂಬ ಸಮಾನ ಪದ್ಧತಿಯನ್ನು ಹೊರತಂದಿವೆ. ಅದರಂತೆ ತಯಾರಾದ ಸಾಧನಗಳು ಇಂಟರ್ನೆಟ್ ಇಲ್ಲದಾಗಲೂ ಮನೆಯೊಳಗಿನಿಂದ ನಡೆಯಬಲ್ಲವು. ಕೊಳ್ಳಲೇಬೇಕೆನ್ನುವವರು ಡಬ್ಬಿಯ ಮೇಲೆ ಆ ಹೆಸರನ್ನು ಹುಡುಕಬಹುದು.

ಹಾಗಾದರೆ ಮೊಬೈಲಿನ ಹತೋಟಿ ಎಲ್ಲಿಯೂ ಬೇಡವೇ? ಹಾಗೆನ್ನಲಾರೆವು. ಅದು ಕಾಲುನಡಿಗೆಯನ್ನೂ ಕತ್ತಲೆಯನ್ನೂ ತಪ್ಪಿಸುವ ಕಡೆ ದೊಡ್ಡ ಉಪಕಾರಿ. ನಮ್ಮ ಹೊಲಗಳ ಪಂಪ್‌ಸೆಟ್ಟನ್ನೇ ನೋಡಿರಿ. ರಾತ್ರಿ ಪಾಳಿಯಲ್ಲಿ ವಿದ್ಯುತ್ತು ಬಂದರೆ ರೈತನು ಹಾವು ಚೇಳುಗಳ ನಡುವೆ ಬ್ಯಾಟರಿ ಹಿಡಿದು ಬಾವಿಗೆ ಹೋಗಬೇಕು. ಹೋಗುವಷ್ಟರಲ್ಲಿ ವಿದ್ಯುತ್ತು ಮಾಯವಾಗಿದ್ದರೆ ಬರಿಗಾಲಲ್ಲಿ ಮರಳಬೇಕು. ಪುಣೆಯ ಸಂತೋಷ ಓಸ್ತವಾಲರು ಈ ಕಷ್ಟಕ್ಕಾಗಿಯೇ 'ನ್ಯಾನೋ ಗಣೇಶ' ಎಂಬ ಸಾಧನವನ್ನು ರೂಪಿಸಿದರು. ಅದಕ್ಕೆ 2009ರಲ್ಲಿ ನೋಕಿಯಾ ಕಂಪನಿಯ ಬಹುಮಾನವೂ ದೊರೆಯಿತು. ಸಾದಾ ಮೊಬೈಲಿನಿಂದ ಕರೆ ಮಾಡಿ, ವಿದ್ಯುತ್ತು ಇದೆಯೇ ಎಂದು ತಿಳಿದುಕೊಂಡು, ಮನೆಯಲ್ಲಿ ಕುಳಿತೇ ಮೋಟಾರು ಸುರು ಮಾಡಬಹುದು. ಇಂಥ ಮೊಬೈಲ್ ಸ್ಟಾರ್ಟರುಗಳು ಈಗ ಹಲವು ಬಗೆಯವು ದೊರೆಯುತ್ತವೆ. ಒಂದು ಎಚ್ಚರಿಕೆಯನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬರೆದಿಡಿರಿ: ಮೋಟಾರಿಗೆ ಕೈ ಹಚ್ಚುವ ಮೊದಲು ಫ್ಯೂಜನ್ನು ಕಿತ್ತು ನಿಮ್ಮ ಕಿಸೆಯಲ್ಲಿ ಇಟ್ಟುಕೊಳ್ಳಿರಿ. ನೀವು ಬಾವಿಯ ಹತ್ತಿರ ಇರುವುದು ತಿಳಿಯದೆ ಇಪ್ಪತ್ತು ಮೈಲಿ ದೂರದಲ್ಲಿ ಇನ್ನಾರೋ ಗುಂಡಿ ಒತ್ತಬಹುದು.

ಪಟ್ಟಣದಲ್ಲಿರುವವರಿಗೆ ಗೀಜರಿನ ವಿಷಯದಲ್ಲಿಯೂ ಉಪಯೋಗವುಂಟು. 2,000 ವ್ಯಾಟಿನ ಗೀಜರು ಅರ್ಧ ತಾಸು ಎಡೆಬಿಡದೆ ಕಾಯಿಸಿದರೆ ಒಂದು ಯುನಿಟ್ ಹೋದಂತೆಯೇ. ಸಮಯಕ್ಕೆ ಆರುವ ಪ್ಲಗ್ಗು ಅಲ್ಲಿ ತನ್ನ ಬೆಲೆಯನ್ನು ತಾನೇ ತೀರಿಸೀತು. ಆದರೆ ಅದು 16 ಆಂಪಿಯರಿನದೇ ಆಗಿರಬೇಕು. ಚಿಕ್ಕ ಪ್ಲಗ್ಗು ಕಾದು ಸುಟ್ಟೀತು. ಹಾಸಿಗೆ ಹಿಡಿದ ರೋಗಿಗೂ, ಕೈಕಾಲು ಆಡದವರಿಗೂ ಕೂತಲ್ಲಿಂದಲೇ ದೀಪ ಫ್ಯಾನುಗಳನ್ನು ನಡೆಸುವುದು ಸ್ವಾತಂತ್ರ್ಯವೇ ಸರಿ. ಅಲ್ಲಿ ಯಂತ್ರವು ಅಧಿಕಾರವನ್ನು ಕಸಿಯುವುದಿಲ್ಲ, ಮರಳಿ ಕೊಡುತ್ತದೆ.

ಆದುದರಿಂದ ಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರೆಂದು ನಮ್ಮ ಸೂಚನೆ. ಇಂಟರ್ನೆಟ್ ನಿಂತಾಗ ಗೋಡೆಯ ಗುಂಡಿಯಿಂದ ಇದು ನಡೆದೀತೇ? ಮನೆಯ ಹಿರಿಯರಿಗೂ ಕಿರಿಯರಿಗೂ ಇದನ್ನು ನಡೆಸಲು ಬಂದೀತೇ? ಇದರ ಗುಪ್ತಪದ ಆ ಮನೆಯಲ್ಲಿ ವಾಸಿಸುವವರಿಗೆ ಗೊತ್ತಿದೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಧಾರಾಳವಾಗಿ ಕೊಳ್ಳಿರಿ. ಒಂದಕ್ಕೆ ಇಲ್ಲವೆಂದು ಬಂದರೂ ಆ ಹಣಕ್ಕೆ ಬೇರೆ ದಾರಿಯಿದೆ. ನಡೆದು ಬಂದೊಡನೆ ತಾನೇ ಹತ್ತುವ ಸೆನ್ಸರ್ ಬಲ್ಬನ್ನು ಬಚ್ಚಲಿನ ದಾರಿಗೆ ಹಾಕಿಸಿರಿ. ವಿದ್ಯುತ್ತು ಹೋದಾಗಲೂ ಕೆಲ ತಾಸು ಉರಿಯುವ ಬ್ಯಾಟರಿ ಬಲ್ಬನ್ನು ಅಡಿಗೆಮನೆಗೆ ಹಾಕಿಸಿರಿ. ಎಲ್ಲಕ್ಕೂ ಮಿಗಿಲಾಗಿ, ಊರಿನ ವೈರಮನ್ನನನ್ನು ಕರೆಸಿ ಟೂ-ವೇ ಸ್ವಿಚ್ಚು ಕೂಡಿಸಿರಿ. ಒಂದು ಬಾಗಿಲ ಹತ್ತಿರ, ಇನ್ನೊಂದು ತಾಯಿಯ ಮಂಚದ ತಲೆದೆಸೆಗೆ. ನಡುರಾತ್ರಿ ಎಚ್ಚರವಾದಾಗ ಅವರ ಕೈ ತಾನಾಗಿಯೇ ಅಲ್ಲಿಗೆ ಹೋಗಲಿ.